ಒಂಬತ್ತು ಗಂಟೆಯ ಮೂರು ಸಾಲು

"ಹದಿನಾಲ್ಕನೇ ನಿಮಿಷ ಅಂತ ಬರೆದಿದೆ, ಇಪ್ಪತ್ತೆಂಟು ಆಗಬೇಕಿತ್ತು. ಹನ್ನೊಂದು ಅಂತ ಬರೆದಿದೆ, ಇಪ್ಪತ್ತೆರಡು ಆಗಬೇಕಿತ್ತು. ಇನ್ನೂ ಓದ್ಲಾ, ಸಾಕಾ?"

ಕರಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿದ ಒಂಬತ್ತು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಎದುರಿಗೆ ಕುಳಿತವನು ಹಾಳೆಗಳ ಕಡೆ ಕಣ್ಣು ಹಾಯಿಸಲಿಲ್ಲ. ಗೋಡೆಯ ಗಡಿಯಾರ ನೋಡಿದ. ಎಂಟೂ ಇಪ್ಪತ್ತೈದು.

ಕಂಪ್ಯೂಟರ್ ತರಬೇತಿ ಕೇಂದ್ರದ ಆ ಕೋಣೆಗೆ ವಿದ್ಯಾರ್ಥಿಗಳು ಬರಲು ಇನ್ನೂ ಒಂದು ಗಂಟೆಯಿತ್ತು. ಹದಿನಾರು ಯಂತ್ರಗಳು ಧೂಳಿನ ಹೊದಿಕೆ ಹೊದ್ದುಕೊಂಡು ಕುಳಿತಿದ್ದವು. ಒಂದು ಫ್ಯಾನು ಕಿರ್ರ್ ಕಿರ್ರ್ ಎನ್ನುತ್ತ ತಿರುಗುತ್ತಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಲಿಂಕ್ ಮೇಷ್ಟ್ರ ಅಕ್ಕ, ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕುಳಿತಿದ್ದರು.

ಆ ಚೀಲದಲ್ಲಿ ಏಳು ಖಾನೆಗಳ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ದಿನಕ್ಕೊಂದು ಖಾನೆ. ಗುರುವಾರದವರೆಗಿನ ಖಾನೆಗಳು ಖಾಲಿ, ಶುಕ್ರವಾರದಿಂದ ಮುಂದಕ್ಕೆ ಫಿಟ್ಸಿನ ಮಾತ್ರೆಗಳು ಇಟ್ಟಿದ್ದು ಇಟ್ಟಂತೆಯೇ ಇದ್ದವು. ಲಿಂಕ್ ಮೇಷ್ಟ್ರು ಕಾಣೆಯಾಗಿ ಇವತ್ತಿಗೆ ಹನ್ನೆರಡು ದಿನ.

ಪೊಲೀಸರು ಹುಡುಕುತ್ತಿರಲಿಲ್ಲ. ಯಾಕೆ ಹುಡುಕಬೇಕು? ಕಾಣೆಯಾದ ಮನುಷ್ಯ ದಿನಾ ಬೆಳಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ತನ್ನ ಪುಟದಲ್ಲಿ ಮೂರು ಸಾಲು ಬರೆಯುತ್ತಲೇ ಇದ್ದ. ಮೊದಲ ಸಾಲಿನಲ್ಲಿ ಒಂದು ಲಿಂಕು: ಯಾವುದಾದರೂ ಒಳ್ಳೆಯ ತಂತ್ರಜ್ಞಾನದ ಭಾಷಣದ್ದು. ಎರಡನೆಯದರಲ್ಲಿ, ಅದನ್ನು ಎಷ್ಟನೇ ನಿಮಿಷದಿಂದ ನೋಡಬೇಕು ಎಂಬ ಸೂಚನೆ. ಮೂರನೆಯದು ಪ್ರೋಗ್ರಾಂ ಬರೆಯುವವರಿಗೆ ಒಂದು ಕಿವಿಮಾತು. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪದೆ ಬಂದ ಪುಟ ಅದು.

ಮೇಷ್ಟ್ರಿಗೆ ಒಂದು ಹಟವಿತ್ತು. ಯಾವ ಭಾಷಣವನ್ನೂ ಪೂರ್ತಿ ನೋಡದೆ ಹಂಚುತ್ತಿರಲಿಲ್ಲ. ಅವರು ಮೂವತ್ತು ಅಂದರೆ ಮೂವತ್ತೇ. ಇಪ್ಪತ್ತೊಂಬತ್ತೂವರೆಯಲ್ಲ.

ಅಕ್ಕನ ಪಕ್ಕದ ಮನೆಯ ಕರಡಮ್ಮನಿಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೇ. ಆದರೆ ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಹೆಂಗಸು. ಅಲ್ಲಿ ಎದುರಿಗೆ ಕರಡಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಕರಡಿಯಮ್ಮ ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು. ತಪ್ಪು ಇದೆ ಎಂದು ಒಮ್ಮೆ ಅನ್ನಿಸಿಬಿಟ್ಟರೆ ಊಟ ಸೇರುವ ಜಾಯಮಾನ ಅವರದಲ್ಲ. ಶನಿವಾರದಿಂದ ನಿನ್ನೆಯವರೆಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಣೆಯಾದ ಮೇಲೆ ಬಂದ ಭಾಷಣಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೋಡಿದ್ದರು. ಅರ್ಥವಾಗಿದ್ದು ಕಾಲುಭಾಗ. ನಿಮಿಷಗಳನ್ನು ಮಾತ್ರ ಬರೆದುಕೊಂಡಿದ್ದರು.

"ಮೊದಲ ಎರಡು ದಿನದ್ದು ಸರಿಯಾಗಿದೆ," ಎಂದರು ಈಗ. "ಮೇಷ್ಟ್ರು ಯಾವಾಗ್ಲೂ ಎರಡು ದಿನದ್ದು ಮುಂಚೇನೇ ಬರೆದಿಟ್ಟಿರ್ತಾರಂತೆ, ಅದು ತಾನಾಗೇ ಹೋಗುತ್ತಂತೆ. ಅಕ್ಕ ಹೇಳಿದ್ರು. ಆಮೇಲಿನ ಒಂಬತ್ತೂ ಅರ್ಧಕ್ಕರ್ಧ. ಒಂದಲ್ಲ, ಎರಡಲ್ಲ. ಒಂಬತ್ತೂ."

"ಯಾರೋ ಎಡವಟ್ಟು ಮಾಡಿರ್ಬೇಕು ಮೇಡಂ."

"ಎಡವಟ್ಟು ಮಾಡೋರು ಒಂದು ಸಲ ಹೆಚ್ಚು ಬರೀತಾರೆ, ಒಂದು ಸಲ ಕಮ್ಮಿ ಬರೀತಾರೆ. ಇದು ಹಾಗಲ್ಲ. ನಿನಗೆ ಎಕ್ಸ್‌ಪ್ರೆಸ್ ಅಂತ ಯಾಕಪ್ಪಾ ಹೆಸರಿಟ್ರು?"

ಅವನು ಒಂಬತ್ತು ವರ್ಷದಿಂದ ಮೇಷ್ಟ್ರ ಜೊತೆ ಇದೇ ಮೇಜಿನಲ್ಲಿ ಕುಳಿತು ಪಾಠ ಹೇಳಿದವನು. ಮಾತು ಬಿರುಸು, ನಡಿಗೆ ಬಿರುಸು, ಊಟ ಐದು ನಿಮಿಷ.

"ಎಲ್ಲಾ ಬೇಗ ಬೇಗ ಮಾಡ್ತೀನಿ ಅಂತ," ಎಂದ.

"ಭಾಷಣಾನೂ ಬೇಗ ಕೇಳ್ತೀಯ. ಎರಡರಷ್ಟು ವೇಗದಲ್ಲಿ. ನಿನ್ನ ವಿದ್ಯಾರ್ಥಿಗಳೇ ಹೇಳಿದ್ರು, ನಮ್ಮ ಸರ್ ಬಸ್ಸಲ್ಲಿ ನಿಂತ್ಕೊಂಡೇ ಎರಡು ಭಾಷಣ ಮುಗಿಸ್ತಾರೆ ಅಂತ. ಫೋನು ಚೀಲದಲ್ಲಿ, ಕಿವೀಲಿ ವೈರು, ಒಂದು ಕೈ ಕಂಬಿ ಮೇಲೆ. ಪರದೆ ನೋಡೋದಕ್ಕೆ ಆಗಲ್ಲ. ಹಾಗಾಗಿ ಕೈಗಡಿಯಾರ ನೋಡಿ ನಿಮಿಷ ಲೆಕ್ಕ ಹಾಕ್ತೀಯ. ಗಡಿಯಾರದಲ್ಲಿ ಹದಿನಾಲ್ಕು ನಿಮಿಷ ಆಗಿದ್ರೆ ಭಾಷಣದಲ್ಲಿ ಇಪ್ಪತ್ತೆಂಟು ಆಗಿರುತ್ತೆ. ಅದನ್ನ ಎರಡರಿಂದ ಗುಣಿಸೋದು ಮರೆತೆ."

ಎಕ್ಸ್‌ಪ್ರೆಸ್ ತನ್ನ ಎಡಗೈಯ ಗಡಿಯಾರವನ್ನು ಬಲಗೈಯಿಂದ ಮುಚ್ಚಿಕೊಂಡ. ಮುಚ್ಚಿಕೊಂಡ ಮೇಲೆ, ಮುಚ್ಚಿಕೊಂಡದ್ದಕ್ಕೆ ನಾಚಿಕೆಯಾಗಿ ಕೈ ತೆಗೆದ.

"ಹೌದು ಮೇಡಂ. ನಾನೇ."

ಅಕ್ಕ ಏಳಲಿಲ್ಲ, ಕೂಗಲಿಲ್ಲ. ಕುರ್ಚಿಯ ಅಂಚಿಗೆ ಸರಿದು ಕುಳಿತರು, ಅಷ್ಟೇ.

"ಅವನೆಲ್ಲಿ?" ಎಂದು ಕೇಳಿದರು.

"ದೇವರಾಣೆಗೂ ನನಗೆ ಗೊತ್ತಿಲ್ಲ ಅಕ್ಕಾ. ಮೂರು ವರ್ಷದ ಹಿಂದೆ ಅವರು ಆಸ್ಪತ್ರೇಲಿದ್ದಾಗ ಪಾಸ್‌ವರ್ಡ್ ನನಗೆ ಕೊಟ್ಟಿದ್ರು. ಒಂದು ದಿನ ಸಹ ತಪ್ಪಿಸಬೇಡ ಕಣೋ ಅಂದಿದ್ರು. ಪುಟದ ಮೇಲ್ಗಡೆ ಒಂದು ಲೆಕ್ಕ ಓಡುತ್ತೆ ನೋಡಿ, ಎಡೆಬಿಡದೆ ಎಷ್ಟು ದಿನ ಅಂತ. ನಾಲ್ಕು ಸಾವಿರದ ಮೇಲಾಗಿದೆ. ಒಂದು ದಿನ ತಪ್ಪಿದ್ರೆ ಅದು ಸೊನ್ನೆಗೆ ಬಂದ್ಬಿಡುತ್ತೆ. ಅವರು ವಾಪಸ್ ಬಂದು ಅಲ್ಲಿ ಸೊನ್ನೆ ನೋಡಿದ್ರೆ..."

ಮಾತನ್ನು ಅಲ್ಲಿಗೇ ಬಿಟ್ಟು ಅಕ್ಕನ ಕಡೆ ತಿರುಗಿದ.

"ನನ್ನ ಕೈಲಿ ಇನ್ನೇನೂ ಆಗ್ತಿರಲಿಲ್ಲ ಅಕ್ಕಾ. ಎಲ್ಲಿ ಹುಡುಕೋದು ಗೊತ್ತಿಲ್ಲ, ಯಾರನ್ನ ಕೇಳೋದು ಗೊತ್ತಿಲ್ಲ. ಇದೊಂದನ್ನಾದ್ರೂ ಉಳಿಸಿಕೊಡೋಣ ಅಂತ. ಪೊಲೀಸರು ಹುಡುಕ್ತಾ ಇದಾರೆ ಅಂದ್ಕೊಂಡಿದ್ದೆ."

"ನೀನು ಬರೀತಿದ್ದೆ ಅಂತಾನೇ ಅವರು ಹುಡುಕ್ತಿಲ್ಲ," ಎಂದರು ಕರಡಮ್ಮ.

ಎಕ್ಸ್‌ಪ್ರೆಸ್‌ನ ಮುಖದಲ್ಲಿ ಆ ಮಾತು ನಿಧಾನವಾಗಿ ಇಳಿಯುವುದು ಕಾಣಿಸುತ್ತಿತ್ತು. ಜೀವಮಾನದಲ್ಲಿ ಏನನ್ನೂ ಅಷ್ಟು ನಿಧಾನವಾಗಿ ಅರ್ಥಮಾಡಿಕೊಂಡವನಲ್ಲ ಪಾಪ.

ಕರಡಮ್ಮನಿಗೆ ಅವನನ್ನು ಬೈಯಬೇಕು ಎನ್ನಿಸಿತು, ಬೈಯಲು ಬಾಯಿ ಬರಲಿಲ್ಲ. ಕಳ್ಳನನ್ನು ಹಿಡಿದಿದ್ದೇನೆ ಎಂದುಕೊಂಡು ಬಂದಿದ್ದರು. ಹಿಡಿದದ್ದು ಒಬ್ಬ ಒಳ್ಳೆಯ ಮನುಷ್ಯನನ್ನು. ಅವನ ಒಳ್ಳೆಯತನಕ್ಕೆ ಒಂಬತ್ತು ದಿನ ಹಾಳಾಗಿತ್ತು. ಇದಕ್ಕೆ ಯಾವ ಕೆಂಪು ಶಾಯಿ ಹಾಕಿ ತಿದ್ದುವುದು?

ಅಕ್ಕ ನೆಲ ನೋಡುತ್ತ ಹೇಳಿದರು. "ನಾನೂ ದಿನಾ ಒಂಬತ್ತು ಗಂಟೆಗೆ ಆ ಪುಟ ನೋಡ್ತಿದ್ದೆ. ಆ ಮೂರು ಸಾಲು ಬಂದ್ರೆ ಒಂದು ತುತ್ತು ಗಂಟಲಲ್ಲಿ ಇಳೀತಿತ್ತು. ಇದಾನೆ, ಎಲ್ಲೋ ಇದಾನೆ ಅಂತ. ನಿನ್ನ ಸಾಲು ನೋಡಿ ನಾನು ಉಂಡೆನಲ್ಲಪ್ಪಾ."

ಎಕ್ಸ್‌ಪ್ರೆಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕರಡಮ್ಮ ಗಡಿಯಾರ ನೋಡಿದರು. ಎಂಟೂ ನಲವತ್ತೈದು. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ.

"ಇವತ್ತಿನದು ಬರೆದಿಟ್ಟಿದ್ದೀಯಾ?"

"ಇಲ್ಲ. ಈಗ ಬರೀಬೇಕಿತ್ತು."

"ಬರೀಬೇಡ. ಇವತ್ತು ಆ ಪುಟ ಖಾಲಿ ಇರ್ಲಿ. ಒಂಬತ್ತಕ್ಕೆ ಏನೂ ಬರದೇ ಇದ್ರೆ ಪೊಲೀಸರಿಗೆ ಹೇಳೋದಕ್ಕೆ ಬೇರೆ ನೆಪ ಉಳಿಯಲ್ಲ, ಬಸ್ ನಿಲ್ದಾಣದ ಕ್ಯಾಮೆರಾ ನೋಡ್ಲೇಬೇಕಾಗುತ್ತೆ."

ಎಕ್ಸ್‌ಪ್ರೆಸ್ ತಲೆಯಾಡಿಸಿದ. ಕೀಲಿಮಣೆಯನ್ನು ತನ್ನಿಂದ ದೂರಕ್ಕೆ, ಮೇಜಿನ ಆಚೆ ತುದಿಗೆ ತಳ್ಳಿದ. ಕರಡಮ್ಮ ಕೇಳುವ ಮೊದಲೇ ಫೋನನ್ನೂ ಅವರ ಮುಂದೆ ಇಟ್ಟ.

"ಇವರಿಗೂ ಒಂದು ಮಾತು ಹೇಳಿಬಿಡ್ತೀನಿ ಅಮ್ಮಾ," ಎಂದು ಅಕ್ಕ ಎದ್ದರು. "ಪಾಪ, ಇವರೂ ದಿನಾ ಕೇಳ್ತಾನೇ ಇರ್ತಾರೆ, ಏನಾಯ್ತು, ಕರಡಮ್ಮ ಏನು ಕಂಡುಹಿಡಿದ್ರು ಅಂತ."

ಇವರು ಎಂದರೆ ಗಂಡ, ಮೇಷ್ಟ್ರ ಭಾವ. ಊರಾಚೆಯ ಒಂದು ದೊಡ್ಡ ಗೋಡೌನಿನ ಉಸ್ತುವಾರಿ ನೋಡಿಕೊಳ್ಳುವವರು. ಹನ್ನೆರಡು ದಿನದ ಹಿಂದೆ, ಗುರುವಾರ ಸಂಜೆ, ಮೇಷ್ಟ್ರನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟವರೂ ಅವರೇ. ಎರಡು ದಿನ ಸುತ್ತಾಡಿಕೊಂಡು ಬರ್ತೀನಿ ಅಂದ, ಬಸ್ ಹತ್ತಿದ್ದನ್ನು ಕಣ್ಣಾರೆ ನೋಡಿದೆ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದರು.

ಅಕ್ಕ ಫೋನು ಹಿಡಿದು ಹೊರಗಿನ ಮೊಗಸಾಲೆಗೆ ಹೋದರು. ಬಾಗಿಲ ಗಾಜಿನಾಚೆ ಅವರ ಬೆನ್ನು ಕಾಣುತ್ತಿತ್ತು. ಮಾತು ಒಂದೆರಡು ನಿಮಿಷದಲ್ಲಿ ಮುಗಿಯಿತು. ಆದರೂ ಒಳಗೆ ಬರದೆ ಗೋಡೆಗೆ ಒರಗಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಕರಡಮ್ಮ ಠಾಣೆಗೆ ಫೋನು ಮಾಡಿದಾಗ ಒಂಬತ್ತಕ್ಕೆ ಐದು ನಿಮಿಷವಿತ್ತು. ಎತ್ತಿದ್ದು ಸಬ್ ಇನ್ಸ್‌ಪೆಕ್ಟರ್. ಕರಡಮ್ಮನ ದನಿ ಕೇಳಿದೊಡನೆ ನಿಟ್ಟುಸಿರು ಬಿಟ್ಟರು.

"ಹೇಳಿ ಮೇಡಂ."

ಕರಡಮ್ಮ ಹೇಳಿದರು. ಅರ್ಧಕ್ಕರ್ಧದ ಕಥೆ ಹೇಳಿದರು, ಬಸ್ಸಿನ ಕಥೆ ಹೇಳಿದರು, ಎಕ್ಸ್‌ಪ್ರೆಸ್ ಒಪ್ಪಿಕೊಂಡ ಕಥೆ ಹೇಳಿದರು.

"ಅವನು ಒಪ್ಪಿಕೊಂಡ ಮಾತ್ರಕ್ಕೆ ಆಯ್ತಾ? ನಾಳೆ ಇಲ್ಲ ಅಂದ್ರೆ ನಾನೇನು ಮಾಡ್ಲಿ?"

"ಇವತ್ತು ಒಂಬತ್ತಕ್ಕೆ ಪುಟದಲ್ಲಿ ಏನೂ ಬರಲ್ಲ. ನೀವೇ ನೋಡಿ. ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಹದಿನಾಲ್ಕು ದಿನದ್ದು ಮಾತ್ರ ಉಳಿಯುತ್ತೆ ಅಂತ ನೀವೇ ಹೇಳಿದ್ರಲ್ಲ. ಇನ್ನೆರಡು ದಿನ ಕಳೆದ್ರೆ ಅಳಿಸಿಹೋಗುತ್ತೆ ಸಾಹೇಬ್ರೇ."

ಆ ಕಡೆ ಯಾರಿಗೋ ಟೀ ಇಡು ಅಂತ ಹೇಳಿದ್ದು ಕೇಳಿಸಿತು.

"ಆಯ್ತು. ನಿಮ್ಮ ಮಾತೇ ನಡೀಲಿ. ಫೋನ್ ಇಡ್ಬೇಡಿ, ನಾನೂ ಇಲ್ಲಿ ಪುಟ ತೆಗೆದು ನೋಡ್ತೀನಿ. ಬರದೇ ಇದ್ರೆ ಈಗ್ಲೇ ಜೀಪ್ ಕಳಿಸ್ತೀನಿ, ಕ್ಯಾಮೆರಾದ್ದೂ ತೆಗೆಸಿ ನೋಡ್ತೀನಿ. ಬಂದ್ರೆ ಮಾತ್ರ ಇನ್ನು ನನ್ನ ತಲೆ ತಿನ್ನಬಾರದು."

"ತಿನ್ನಲ್ಲ," ಎಂದರು ಕರಡಮ್ಮ.

ಒಂದು ಯಂತ್ರದ ಹೊದಿಕೆ ತೆಗೆದು ಪುಟವನ್ನು ತೆರೆದಿಟ್ಟರು. ಅದನ್ನು ನೋಡುವುದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ. ಎಕ್ಸ್‌ಪ್ರೆಸ್ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕುಳಿತ. ಯಾರೂ ಹಾಗೆ ಕೂರು ಎಂದಿರಲಿಲ್ಲ. ಅಕ್ಕ ಒಳಗೆ ಬಂದು ಕರಡಮ್ಮನ ಹಿಂದೆ ನಿಂತರು. ಅವರ ಉಸಿರು ಕರಡಮ್ಮನ ಕುತ್ತಿಗೆಗೆ ತಾಗುತ್ತಿತ್ತು.

ಐವತ್ತೆಂಟು. ಐವತ್ತೊಂಬತ್ತು.

ಒಂಬತ್ತು.

ಪುಟದ ಮೇಲಿನ ಲೆಕ್ಕ ಒಂದಂಕಿ ಮುಂದಕ್ಕೆ ಜಿಗಿಯಿತು. ಕೆಳಗೆ ಮೂರು ಸಾಲು ಬಂದು ಕುಳಿತವು.

ಎಕ್ಸ್‌ಪ್ರೆಸ್ ತನ್ನ ಕೈಗಳನ್ನು ತಾನೇ ನೋಡಿಕೊಂಡ. ಅವು ಇಟ್ಟ ಜಾಗದಲ್ಲೇ ಇದ್ದವು.

"ಬಂತಲ್ಲ ಮೇಡಂ," ಎಂದರು ಸಬ್ ಇನ್ಸ್‌ಪೆಕ್ಟರ್. ದನಿಯಲ್ಲಿ ಗೆದ್ದ ಹಮ್ಮೂ ಇರಲಿಲ್ಲ, ಬರೀ ಬೇಸರವಿತ್ತು. "ಮನುಷ್ಯ ಆರಾಮಾಗಿದಾನೆ. ಮನೆಯವರಿಗೆ ಬೇಡವಾಗಿ ಹೋಗಿದಾನೋ, ಮನೆಯವರು ಬೇಡವಾಗಿ ಹೋಗಿದಾನೋ, ಅದು ನಮ್ಮ ಕೆಲಸ ಅಲ್ಲ. ಇಡ್ತೀನಿ."

"ಸಾಹೇಬ್ರೇ, ಒಂದು ನಿಮಿಷ..."

ಫೋನು ಸತ್ತಿತು. ಕರಡಮ್ಮ ಅದನ್ನು ಕಿವಿಗೇ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದರು. ಮೂರು ದಿನ ಕಣ್ಣು ಕೆಂಪಾಗುವಂತೆ ನೋಡಿ, ನಿಮಿಷ ನಿಮಿಷ ಬರೆದು, ಕಟ್ಟಿದ್ದೆಲ್ಲ ಮೂರು ಸಾಲಿಗೆ ಕುಸಿದುಬಿದ್ದಿತ್ತು.

ಆಮೇಲೆ ಆ ಸಾಲುಗಳನ್ನು ಓದಿದರು. ಓದದೆ ಇರುವುದು ಅವರಿಂದ ಆಗುವ ಕೆಲಸವಲ್ಲ.

ಮೊದಲನೆಯದು ಒಂದು ಭಾಷಣದ ಲಿಂಕು. ಎರಡನೆಯದು: "ಮೂವತ್ತೆರಡನೇ ನಿಮಿಷದಿಂದ ನೋಡಿ." ಮೂರನೆಯದು: "ದೂರದ ಯಂತ್ರವೊಂದು 'ಬದುಕಿದ್ದೇನೆ' ಎಂದು ದಿನಾ ಸುದ್ದಿ ಕಳಿಸಿದ ಮಾತ್ರಕ್ಕೆ ಅದು ಬದುಕಿದೆ ಎಂದು ನಂಬಬೇಡಿ. ಅದಕ್ಕೊಂದು ಪ್ರಶ್ನೆ ಕೇಳಿ. ಉತ್ತರ ನೋಡಿ ಆಮೇಲೆ ನಂಬಿ."

"ಹಾಕು ಭಾಷಣ," ಎಂದರು ಕರಡಮ್ಮ.

ಎಕ್ಸ್‌ಪ್ರೆಸ್ ಒತ್ತಿದ. ಮೂವತ್ತೆರಡನೇ ನಿಮಿಷ. ವೇದಿಕೆಯ ಮೇಲಿನ ಹೆಂಗಸು ನೀರು ಕುಡಿದು ಲೋಟ ಕೆಳಗಿಟ್ಟು, ಕೈ ಕಟ್ಟಿಕೊಂಡು, ಆ ದಿನದ ಮುಖ್ಯ ಮಾತನ್ನು ಆಗ ತಾನೇ ಆರಂಭಿಸಿದಳು. ಒಂದು ಕ್ಷಣ ಹಿಂದಿಲ್ಲ, ಒಂದು ಕ್ಷಣ ಮುಂದಿಲ್ಲ.

"ಅವನೇ," ಎಂದರು ಅಕ್ಕ. ಚೀಲ ಕೆಳಗೆ ಬಿತ್ತು. "ಅಮ್ಮಾ, ಇದು ಅವನೇ. ಬದುಕಿದಾನೆ."

"ಅವರೇ," ಎಂದ ಎಕ್ಸ್‌ಪ್ರೆಸ್. ಆದರೆ ಅವನ ಹುಬ್ಬು ಗಂಟಿಕ್ಕಿತ್ತು. "ಆದ್ರೆ ಈ ಭಾಷಣ ನಾಲ್ಕು ವರ್ಷದ ಹಿಂದೇನೇ ಹಂಚಿದ್ರು ಅಕ್ಕಾ. ನನಗೆ ಚೆನ್ನಾಗಿ ನೆನಪಿದೆ. ಒಂದು ಸಲ ಹಂಚಿದ್ದನ್ನ ಇನ್ನೊಂದು ಸಲ ಹಂಚಿದೋರೇ ಅಲ್ಲ ಅವರು."

"ಹೊಸದು ನೋಡೋದಕ್ಕೆ ಅವಕಾಶ ಇಲ್ಲ ಅಂದ್ರೆ?" ಎಂದರು ಕರಡಮ್ಮ. "ಕೂತ್ಕೊಂಡು ಹುಡುಕೋದಕ್ಕೆ ಬಿಟ್ಟಿಲ್ಲ ಅಂದ್ರೆ? ನೆನಪಲ್ಲಿರೋದನ್ನೇ ಬರೀಬೇಕಾಗುತ್ತೆ."

ಪರದೆಯ ಮೇಲೆ ಆ ಹೆಂಗಸು ಮಾತಾಡುತ್ತಲೇ ಇದ್ದಳು. ಎಕ್ಸ್‌ಪ್ರೆಸ್ ಅವಳ ಬಾಯಿ ಮುಚ್ಚಿಸಿದ.

ಪ್ರಶ್ನೆ ಕೇಳಿ ಎಂದು ಬರೆದಿದ್ದಾರೆ ಮೇಷ್ಟ್ರು. ಎಲ್ಲಿ ಕೇಳುವುದು? ಪುಟದ ಕೆಳಗೆ ಓದುಗರು ಉತ್ತರ ಬರೆಯುವ ಜಾಗವೇ ಇರಲಿಲ್ಲ. ನನ್ನ ಪುಟ ಜಗಳದ ಕಟ್ಟೆ ಆಗೋದು ಬೇಡ ಎಂದು ಮೊದಲ ದಿನವೇ ಮೇಷ್ಟ್ರು ಅದನ್ನು ಮುಚ್ಚಿಸಿದ್ದರು. ಹನ್ನೊಂದು ವರ್ಷ ಅವರ ಮಾತು ಎಲ್ಲರಿಗೂ ಕೇಳಿಸಿತ್ತು, ಯಾರ ಮಾತೂ ಅವರಿಗೆ ಕೇಳಿಸುವ ಹಾಗಿರಲಿಲ್ಲ.

"ಪಾಸ್‌ವರ್ಡ್ ಹಾಕಿ ಒಳಗೆ ಹೋಗು," ಎಂದರು ಕರಡಮ್ಮ. "ನಾವೂ ಒಂದು ಸಾಲು ಬರೆಯೋಣ. ಅವರು ನೋಡ್ತಾರೇನೋ."

ಎಕ್ಸ್‌ಪ್ರೆಸ್ ಕೀಲಿಮಣೆ ಎಳೆದುಕೊಂಡು ಟಪಟಪನೆ ಬಡಿದ. ನಿಂತ. ಇನ್ನೊಮ್ಮೆ, ಈ ಸಲ ಒಂದೊಂದೇ ಅಕ್ಷರ ಒತ್ತಿದ.

"ತಗೋತಿಲ್ಲ ಮೇಡಂ. ಪಾಸ್‌ವರ್ಡ್ ಬದಲಾಯಿಸಿದಾರೆ. ಹನ್ನೆರಡು ನಿಮಿಷದ ಹಿಂದೆ ಅಂತ ತೋರಿಸ್ತಿದೆ."

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ನಾಲ್ಕು. ಕರಡಮ್ಮನಿಗೆ ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ. ಎಂಟೂ ಐವತ್ತೆರಡು.

ಕೆಂಪು ಶಾಯಿಯಲ್ಲಿ ಒಂದು ಹಾಳೆಯ ಅಂಚಿಗೆ ಆ ಹೊತ್ತನ್ನು ಬರೆದುಕೊಂಡರು.

ಒಂಬತ್ತು ದಿನ ಎಕ್ಸ್‌ಪ್ರೆಸ್ ಬರೆಯುತ್ತಿದ್ದಾಗ ಯಾರೂ ಆ ಪಾಸ್‌ವರ್ಡ್ ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಇವತ್ತು ಪುಟ ಖಾಲಿ ಇರುತ್ತದೆ ಎಂದು ಗೊತ್ತಾದ ಮೇಲೆ ಮುಟ್ಟಿದ್ದಾರೆ. ಆ ಮಾತು ಈ ಕೋಣೆಯಲ್ಲಿ ಆಡಿದ್ದು ಎಂಟೂ ನಲವತ್ತೈದಕ್ಕೆ. ಠಾಣೆಗೆ ಹೇಳಿದ್ದು ಐವತ್ತೈದಕ್ಕೆ. ನಡುವೆ ಅದು ಇಲ್ಲಿಂದ ಹೊರಗೆ ಹೋದದ್ದು ಒಂದೇ ಒಂದು ಸಲ.

ಕರಡಮ್ಮ ಹಿಂದಕ್ಕೆ ತಿರುಗಿದರು. ಅಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಚೀಲದಿಂದ ಚೆಲ್ಲಿದ್ದನ್ನು ತುಂಬಿಕೊಳ್ಳುತ್ತಿದ್ದರು. ಮಾತ್ರೆಯ ಡಬ್ಬಿ ಕೈಯಲ್ಲಿತ್ತು. ಮುಖದಲ್ಲಿ ಹನ್ನೆರಡು ದಿನದಲ್ಲಿ ಮೊದಲ ಸಲ ನಗುವಿನಂಥದ್ದು ಏನೋ ಇತ್ತು. ಅದನ್ನು ಕಿತ್ತುಕೊಳ್ಳಬೇಕಾಗಿದೆಯಲ್ಲ ಎಂದುಕೊಂಡೇ ಕರಡಮ್ಮ ಕೇಳಿದರು.

"ನಿಮ್ಮ ಯಜಮಾನ್ರಿಗೆ ಏನು ಹೇಳಿದ್ರಿ?"

"ಇದ್ದದ್ದು ಇದ್ದ ಹಾಗೆ ಹೇಳಿದೆ. ಇಷ್ಟು ದಿನ ಈ ಹುಡುಗ ಬರೀತಿದ್ದನಂತೆ, ಇವತ್ತು ಬರೆಯಲ್ಲ, ಪೊಲೀಸರು ಬಸ್ ನಿಲ್ದಾಣದ ಕ್ಯಾಮೆರಾ ನೋಡ್ತಾರಂತೆ ಅಂತ. ಯಾಕಮ್ಮಾ?"

ಕರಡಮ್ಮ ಉತ್ತರ ಕೊಡಬೇಕಾಗಿ ಬರಲಿಲ್ಲ. ಅಕ್ಕ ಗೋಡೆಯ ಗಡಿಯಾರ ನೋಡಿದರು, ಪರದೆಯ ಮೇಲಿನ ಸಾಲು ನೋಡಿದರು, ತಮ್ಮ ಫೋನು ನೋಡಿದರು. ನಗುವಿನಂಥದ್ದು ತಾನಾಗಿಯೇ ಆರಿಹೋಯಿತು.

"ಅವರಿಗೆ ಕಂಪ್ಯೂಟರ್ ಆನ್ ಮಾಡೋದಕ್ಕೂ ಬರಲ್ಲ ಅಮ್ಮಾ," ಎಂದರು. ದನಿ ಬಲು ಸಣ್ಣಗಿತ್ತು. "ಲೈಟ್ ಬಿಲ್ ಕಟ್ಟೋದಕ್ಕೂ ನಮ್ಮ ತಮ್ಮನನ್ನೇ ಕರೀತಿದ್ರು."

"ಅವರಿಗೆ ಬರಲ್ಲ," ಎಂದರು ಕರಡಮ್ಮ. "ಬರೋರು ಅವರ ಪಕ್ಕದಲ್ಲೇ ಇದಾರೆ."

ಅಕ್ಕನ ಕೈಯಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ 'ಮನೆಯವರು' ಎಂದಿತ್ತು.

ಕರಡಮ್ಮ ಎತ್ತಿ ಎಂದು ಕೈ ಮಾಡಿದರು. ಎಲ್ಲರಿಗೂ ಕೇಳಿಸುವ ಹಾಗೆ ಎಕ್ಸ್‌ಪ್ರೆಸ್ ಬಗ್ಗಿ ಗುಂಡಿ ಒತ್ತಿದ. ಮಾಮೂಲಿ ಮಾತಾಡಿ, ಏನೂ ಗೊತ್ತಿಲ್ಲದ ಹಾಗೆ ಮಾತಾಡಿ ಎಂದು ಕರಡಮ್ಮ ಕಣ್ಣಲ್ಲೇ ಬೇಡಿಕೊಂಡರು.

"ನೋಡಿದ್ಯಾ, ಬಂತಲ್ಲ ಒಂಬತ್ತಕ್ಕೆ," ಎಂದಿತು ಒಂದು ಸಮಾಧಾನದ ಗಂಡು ದನಿ. "ನಾನು ಮೊದಲಿಂದಾನೂ ಹೇಳಿಲ್ವಾ, ಆರಾಮಾಗಿದಾನೆ ಅಂತ. ಆ ಹುಡುಗ ಏನೋ ತಲೆಕೆಟ್ಟು ಹೇಳಿದಾನೆ. ಸುಮ್ನೆ ಮನೆಗೆ ಬಾ."

ಅಕ್ಕನ ಕಣ್ಣು ಪರದೆಯ ಮೂರನೇ ಸಾಲಿನ ಮೇಲಿತ್ತು. ತುಟಿ ಅಲುಗುತ್ತಿತ್ತು, ಓದುತ್ತಿರುವವರ ಹಾಗೆ. ಕರಡಮ್ಮ ಬೇಡ ಎಂದು ತಲೆಯಾಡಿಸಿದರು. ಅಕ್ಕ ಅವರನ್ನು ನೋಡಲೇ ಇಲ್ಲ.

"ರೀ," ಎಂದರು. "ಅವನಿಗೆ ಮಾತ್ರೆ ಕೊಟ್ರಾ?"

ಕರಡಮ್ಮ ಕಣ್ಣು ಮುಚ್ಚಿಕೊಂಡರು. ಆಡಿದ ಮಾತನ್ನು ಅಳಿಸುವ ಶಾಯಿ ಅವರ ಬಳಿ ಇರಲಿಲ್ಲ.

ಆ ಕಡೆ ಉಸಿರಾಟ ಕೇಳಿಸುತ್ತಿತ್ತು. ದೂರದಲ್ಲಿ ತಗಡಿನ ಬಾಗಿಲು ಎಳೆದಂಥ ಸದ್ದು. ಏನು ಮಾತ್ರೆ, ಯಾರಿಗೆ, ಏನು ಹೇಳ್ತಿದ್ದೀಯ ಎಂದು ಅವರು ಕೇಳುತ್ತಾರೆ ಎಂದು ಮೂವರೂ ಕಾದರು. ಅವರು ಹಾಗೆ ಕೇಳಲಿಲ್ಲ.

"ಆ ಡಬ್ಬಿ," ಎಂದರು ತುಸು ಹೊತ್ತಿನ ಮೇಲೆ, ದನಿ ತಗ್ಗಿಸಿ, "ಈಗ ನಿನ್ನ ಹತ್ರಾನೇ ಇದೆಯಾ?"